ಕುಂಟುವ ಚಕ್ರಕ್ಕೆ ಯಾವ ಮದ್ದು? ಮರದ ರೇಸ್ ಕಾರಿನ ಚಕ್ರ ಸರಿಮಾಡುವ ದಾರಿಗಳ ಹೋಲಿಕೆ

ದಸರಾ ರಜೆಯಲ್ಲಿ ನಮ್ಮ ಕಾಫಿ ಕಣ ಖಾಲಿ ಇರುತ್ತದೆ. ಅರೇಬಿಕಾ ಕೊಯ್ಲಿಗೆ ಇನ್ನೂ ತಿಂಗಳು ಬಾಕಿ, ಮಳೆ ಪೂರ್ತಿ ಬಿಟ್ಟಿರುವುದಿಲ್ಲ, ಮನೆ ತುಂಬ ಅಕ್ಕತಂಗಿಯರ ಮಕ್ಕಳು. ಹಾಗೆ ಶುರುವಾದದ್ದು ಈ ಮರದ ಕಾರಿನ ರೇಸ್. ಎರಡು ಪ್ಲೈವುಡ್ ಶೀಟನ್ನು ಉದ್ದಕ್ಕೆ ಸೀಳಿ ಜೋಡಿಸಿ, ನಡುವೆ ಒಂದು ತೆಳು ಪಟ್ಟಿ ಹೊಡೆದು, ಒಂದು ತುದಿಯನ್ನು ಕಣದ ಕಟ್ಟೆ ಮೇಲಿಟ್ಟರೆ ಇಳಿಜಾರು ರೆಡಿ. ಇಂಜಿನ್ ಇಲ್ಲ, ಬ್ಯಾಟರಿ ಇಲ್ಲ. ಮೇಲಿಂದ ಬಿಟ್ಟರೆ ಕೆಳಗೆ ಬರಬೇಕು, ಅಷ್ಟೇ.

ಅಮೆರಿಕದಲ್ಲಿ ಈ ಆಟಕ್ಕೆ ಪೈನ್‌ವುಡ್ ಡರ್ಬಿ ಅಂತ ಹೆಸರು. 1953ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾನ್‌ಹಾಟನ್ ಬೀಚ್‌ನಲ್ಲಿ ಡಾನ್ ಮರ್ಫಿ ಎನ್ನುವವರು ಶುರು ಮಾಡಿದ್ದು. ಮಕ್ಕಳು ಒಳಗೆ ಕೂತು ಇಳಿಜಾರಿನಲ್ಲಿ ಓಡಿಸುವ ಸೋಪ್ ಬಾಕ್ಸ್ ಡರ್ಬಿ ಅಂತ ಒಂದಿದೆ, ಅದಕ್ಕೆ ಅವರ ಮಗನಿಗೆ ವಯಸ್ಸು ಸಾಲಲಿಲ್ಲ. ಅದಕ್ಕೇ ಅಂಗೈಯಲ್ಲಿ ಹಿಡಿಸುವ ಕಾರಿನ ರೇಸನ್ನು ಸ್ಕೌಟ್ ಮಕ್ಕಳಿಗೆ ಇಟ್ಟರು. ಕಿಟ್‌ನಲ್ಲಿ ಬರುವುದು ಒಂದು ತುಂಡು ಪೈನ್ ಮರ, ನಾಲ್ಕು ಪ್ಲಾಸ್ಟಿಕ್ ಚಕ್ರ, ನಾಲ್ಕು ಮೊಳೆ. ಮೊಳೆಯೇ ಆಕ್ಸಲ್. ಕಾರಿನ ತೂಕ 5 ಔನ್ಸ್ ದಾಟಬಾರದು, ಅಂದರೆ ಸುಮಾರು 142 ಗ್ರಾಂ. ಉದ್ದ 7 ಇಂಚು.

ನಮ್ಮ ಭಾವ ಅಲ್ಲಿಂದ ಬರುವಾಗ ಹತ್ತು ಕಿಟ್ ತಂದರು. ಮೊದಲ ವರ್ಷ ಎಲ್ಲರೂ ಪೇಂಟ್ ಹೊಡೆಯುವುದರಲ್ಲೇ ಮುಳುಗಿದ್ದೆವು. ತಂಗಿ ಮಗಳ ಕೆಂಪು ಕಾರು ನೋಡಲು ಎಲ್ಲಕ್ಕಿಂತ ಚೆಂದ. ಬಿಟ್ಟ ತಕ್ಷಣ ಟಕ್ ಟಕ್ ಟಕ್ ಅಂತ ಸದ್ದು ಮಾಡುತ್ತಾ ಇಳಿಯಿತು, ಕೊನೆಗೆ ಬಂತು. "ಮಾವ, ನನ್ನ ಕಾರು ಕುಂಟ್ತಿದೆ" ಅಂದಳು. ಸರಿ ಅಂತ ಆ ಚಕ್ರ ಬಿಚ್ಚಿ, ಸ್ಯಾಂಡ್ ಪೇಪರ್ ಮಡಚಿ ಬೆರಳಲ್ಲಿ ಹಿಡಿದು ಅರ್ಧ ಗಂಟೆ ಉಜ್ಜಿದೆ. ಕನ್ನಡಿ ಥರ ಹೊಳೆಯಿತು. ಮತ್ತೆ ಹಾಕಿ ಬಿಟ್ಟರೆ ಅದೇ ಟಕ್ ಟಕ್.

ಅವತ್ತಿನಿಂದ ನಾಲ್ಕು ವರ್ಷ ಈ ಚಕ್ರಗಳ ಜೊತೆ ಗುದ್ದಾಡಿದ್ದೇನೆ. ಉಜ್ಜಿದ್ದೇನೆ, ಕೆರೆದಿದ್ದೇನೆ, ಲೇತ್‌ಗೆ (ಕಡೆಯುವ ಯಂತ್ರಕ್ಕೆ) ಕೊಟ್ಟಿದ್ದೇನೆ, ಒಂದೆರಡನ್ನು ಕರಗಿಸಿಯೂ ಇದ್ದೇನೆ. ಯಾವ ದಾರಿ ಯಾರಿಗೆ ಅಂತ ಕೇಳುವವರಿಗೆ ಮೊದಲು ಹೇಳುವುದು ಒಂದೇ ಮಾತು. ಖಾಯಿಲೆ ಯಾವುದು ಅಂತ ಗೊತ್ತಿಲ್ಲದೆ ಮದ್ದು ಕುಡಿಸಬೇಡಿ. ಚಕ್ರ ಕುಂಟುವುದಕ್ಕೆ ಕನಿಷ್ಠ ನಾಲ್ಕು ಬೇರೆ ಬೇರೆ ಕಾರಣ ಇವೆ, ಒಂದಕ್ಕೆ ಆಗುವ ಉಪಾಯ ಇನ್ನೊಂದಕ್ಕೆ ಆಗುವುದಿಲ್ಲ.

ಮೊದಲು ಪರೀಕ್ಷೆ

ಸೈಕಲ್ ಶಾಪಿನಲ್ಲಿ ರಿಮ್ಮಿನ ಔಟ್ ತೆಗೆಯುವುದನ್ನು ನೋಡಿದ್ದೀರಾ? ಚಕ್ರ ತಿರುಗಿಸಿ ಪಕ್ಕದಲ್ಲಿ ಒಂದು ಸೀಮೆಸುಣ್ಣ ಹಿಡಿಯುತ್ತಾರೆ, ಎಲ್ಲಿ ತಾಗುತ್ತದೋ ಅಲ್ಲಿ ಔಟ್. ಇಲ್ಲೂ ಅದೇ.

ಈ ಕಿಟ್‌ನ ಚಕ್ರ ಸುಮಾರು 30 ಮಿ.ಮೀ. ವ್ಯಾಸದ್ದು, ನಡುವಿನ ತೂತು ಹತ್ತಿರ ಹತ್ತಿರ 2.5 ಮಿ.ಮೀ. ಮೊಳೆ ಅದಕ್ಕಿಂತ ಕೂದಲೆಳೆ ಸಣ್ಣ, ಹಾಗಾಗಿ ಮೊಳೆಗೇ ಹಾಕಿ ಪರೀಕ್ಷೆ ಮಾಡಿದರೆ ಚಕ್ರ ಸುಮ್ನೆ ಅಲ್ಲಾಡುತ್ತದೆ, ಏನೂ ಗೊತ್ತಾಗುವುದಿಲ್ಲ. ಅದರ ಬದಲು ತೂತಿಗೆ ಬಿಗಿಯಾಗಿ ಕೂರುವ ಒಂದು ಡ್ರಿಲ್ ಬಿಟ್ ತಗೊಳ್ಳಿ. 2.4 ಅಥವಾ 2.5ರ ಬಿಟ್ ಸಾಕು. ಅದರ ಕೊರೆಯುವ ತುದಿಯನ್ನು ಒಂದು ಮರದ ದಿಮ್ಮಿಗೆ ಇಳಿಸಿ, ನುಣ್ಣಗಿರುವ ಹಿಂಭಾಗ ಹೊರಗಿರಲಿ. ಆ ಹಿಂಭಾಗಕ್ಕೆ ಚಕ್ರ ಹಾಕಿ ಬೆರಳಲ್ಲಿ ನಿಧಾನ ತಿರುಗಿಸಿ. ಪಕ್ಕದಲ್ಲಿ ಬಾಲ್ ಪೆನ್ನಿನ ತುದಿಯನ್ನು ಕದಲದ ಹಾಗೆ ಯಾವುದಕ್ಕಾದರೂ ಒರಗಿಸಿ, ಚಕ್ರಕ್ಕೆ ತಾಗಿಯೂ ತಾಗದ ಹಾಗಿಡಿ. ಹಿಂದೆ ಒಂದು ಟಾರ್ಚ್ ಇಟ್ಟರೆ ಸಂದಿಯಲ್ಲಿ ಬೆಳಕು ಕಾಣುತ್ತದೆ, ಪೆನ್ನಿಗಿಂತ ಅದೇ ನಿಖರ.

ಒಂದು ಸುತ್ತಿನಲ್ಲಿ ಒಂದೇ ಕಡೆ, ಸೂಜಿ ಚುಚ್ಚಿದ ಹಾಗೆ ಟಕ್ ಅಂತ ತಾಗಿದರೆ ಅದು ಅಚ್ಚಿನ ಗುರುತು. ಈ ಚಕ್ರಗಳನ್ನು ಬಿಸಿ ಪ್ಲಾಸ್ಟಿಕ್ ಅಚ್ಚಿಗೆ ತುಂಬಿ ಮಾಡುತ್ತಾರೆ, ಪ್ಲಾಸ್ಟಿಕ್ ಒಳಗೆ ಹೋದ ಜಾಗದಲ್ಲಿ, ಅಚ್ಚಿನ ಎರಡು ಹೋಳು ಸೇರಿದ ಜಾಗದಲ್ಲಿ ಸಣ್ಣ ಗುಬ್ಬಿ ಅಥವಾ ಗೆರೆ ಉಳಿಯುತ್ತದೆ. ಒಂದು ಸುತ್ತಿಗೆ ಎರಡು ಸಲ, ಎದುರುಬದುರಾಗಿ ತಾಗಿದರೆ ಚಕ್ರ ಮೊಟ್ಟೆಯಾಕಾರ. ಒಂದು ಅರ್ಧ ಪೂರ್ತಿ ನಿಧಾನವಾಗಿ ಹತ್ತಿರ ಬಂದು ಇನ್ನೊಂದು ಅರ್ಧ ದೂರ ಹೋದರೆ ಚಕ್ರ ದುಂಡಗೇ ಇದೆ, ತೂತು ನಡುವಿಗೆ ಇಲ್ಲ. ಸಣ್ಣ ಅಳತೆ ತೆಗೆಯುವ ವರ್ನಿಯರ್ ಇದ್ದರೆ ಅಡ್ಡಡ್ಡ ಅಳೆದು ನೋಡಿ. ಎಲ್ಲ ಕಡೆ ಒಂದೇ ಅಳತೆ ಬಂದು ಪೆನ್ನು ಮಾತ್ರ ಒಂದೇ ಕಡೆ ತಾಗುತ್ತಿದ್ದರೆ ತೂತಿನದೇ ತಪ್ಪು.

ಇನ್ನೊಂದು ಪರೀಕ್ಷೆ ಪಕ್ಕದಿಂದ. ಪೆನ್ನನ್ನು ಚಕ್ರದ ಮುಖಕ್ಕೆ ಹಿಡಿದು ತಿರುಗಿಸಿ. ಹತ್ತಿರ, ದೂರ, ಹತ್ತಿರ, ದೂರ ಅಂತ ತೂರಾಡಿದರೆ ತೂತು ಓರೆಯಾಗಿದೆ ಅಂತ ಅರ್ಥ. ನಾಲ್ಕರಲ್ಲಿ ಅತಿ ಕೆಟ್ಟದ್ದು ಇದು.

ತಂಗಿ ಮಗಳ ಚಕ್ರಕ್ಕಿದ್ದದ್ದು ಮೂರನೆಯ ರೋಗ. ತೂತು ನಡುವಿಗಿರಲಿಲ್ಲ. ನಾನು ಉಜ್ಜಿ ಉಜ್ಜಿ ಹೊಳಪು ಕೊಟ್ಟದ್ದು ಸರಿಯಾಗೇ ಇದ್ದ ಅಂಚಿಗೆ!

ಆರಿಸುವುದು: ಖರ್ಚಿಲ್ಲ, ಹೆಮ್ಮೆಯೂ ಇಲ್ಲ

ನನ್ನನ್ನು ಕೇಳಿದರೆ ಹತ್ತರಲ್ಲಿ ಎಂಟು ಜನಕ್ಕೆ ಇದೇ ಸಾಕು. ಹತ್ತು ಕಿಟ್ ಅಂದರೆ ನಲವತ್ತು ಚಕ್ರ. ಎಲ್ಲವನ್ನೂ ಒಂದು ಮೊರದಲ್ಲಿ ಹಾಕಿ, ಒಂದೊಂದನ್ನೇ ಪೆನ್ನಿನ ಪರೀಕ್ಷೆ ಮಾಡಿ, ಚೆನ್ನಾಗಿರುವವು ಒಂದು ಡಬ್ಬಿಗೆ, ಅಚ್ಚಿನ ಗುರುತಷ್ಟೇ ಇರುವವು ಇನ್ನೊಂದಕ್ಕೆ, ತೂರಾಡುವವು ಮೂರನೆಯದಕ್ಕೆ. ಕಾಫಿ ಬೀಜ ಆರಿಸಿ ಅಭ್ಯಾಸ ಇರುವ ಮನೆಯವರಿಗೆ ಇದೇನು ದೊಡ್ಡ ಕೆಲಸ ಅಲ್ಲ, ಅಜ್ಜಿ ಕೂತು ಒಂದು ಮಧ್ಯಾಹ್ನದಲ್ಲಿ ಮುಗಿಸಿದರು. ಅರ್ಧಕ್ಕಿಂತ ಜಾಸ್ತಿ ಚಕ್ರಕ್ಕೆ ಏನೂ ಮಾಡಬೇಕಿರಲಿಲ್ಲ.

ಚಕ್ರದ ಒಳಮುಖದಲ್ಲಿ ಒಂದು ಸಣ್ಣ ಅಂಕಿ ಇರುತ್ತದೆ, ಕನ್ನಡಕ ಹಾಕಿ ನೋಡಿ. ಅದು ಅಚ್ಚಿನ ಗುಳಿಯ ನಂಬರ್. ಒಂದೇ ನಂಬರಿನ ಚಕ್ರಗಳು ಒಂದೇ ಗುಳಿಯಲ್ಲಿ ಹುಟ್ಟಿದವು, ಗುಣದೋಷವೂ ಸಾಮಾನ್ಯವಾಗಿ ಒಂದೇ ಥರ. ಒಂದು ನಂಬರ್ ಚೆನ್ನಾಗಿದೆ ಅಂತ ಕಂಡರೆ ಅದೇ ನಂಬರಿನ ಉಳಿದವನ್ನು ಹುಡುಕಿ.

ಒಂದೇ ಕಿಟ್ ಇರುವವರಿಗೆ ಈ ದಾರಿ ಇಲ್ಲ. ನಾಲ್ಕೇ ಚಕ್ರದಲ್ಲಿ ಏನು ಆರಿಸುತ್ತೀರಿ. ನಾಲ್ಕು ಮಕ್ಕಳ ಅಪ್ಪಂದಿರು ಸೇರಿ ಹದಿನಾರು ಚಕ್ರ ಒಟ್ಟು ಮಾಡಿ ಅದಲು ಬದಲು ಮಾಡಿಕೊಳ್ಳಬಹುದು. ಆದರೆ ರೇಸ್ ಹತ್ತಿರ ಬಂದಾಗ ಒಳ್ಳೆ ಚಕ್ರ ಬಿಟ್ಟುಕೊಡುವ ಅಪ್ಪನನ್ನು ನಾನಿನ್ನೂ ನೋಡಿಲ್ಲ.

ಡ್ರಿಲ್ ಮತ್ತು ವಾಟರ್ ಪೇಪರ್: ಎಲ್ಲರೂ ಮಾಡುವುದು, ಅರ್ಧ ಜನ ಕೆಡಿಸುವುದು

ಬಿಟ್‌ನ ಕೊರೆಯುವ ತುದಿಯನ್ನೇ ಡ್ರಿಲ್‌ನ ಚಕ್‌ಗೆ (ಬಿಟ್ ಕಚ್ಚಿ ಹಿಡಿಯುವ ಭಾಗಕ್ಕೆ) ಸಿಕ್ಕಿಸಿ, ಹೊರಗುಳಿದ ನುಣುಪಾದ ಹಿಂಭಾಗಕ್ಕೆ ಚಕ್ರ ಬಿಗಿಯಾಗಿ ಕೂರಿಸಿ ತಿರುಗಿಸುವುದು, ಪೇಂಟರ್‌ಗಳು ಬಳಸುವ ವಾಟರ್ ಪೇಪರನ್ನು ಒದ್ದೆ ಮಾಡಿ ಅಂಚಿಗೆ ಹಿಡಿಯುವುದು. 400 ನಂಬರಿನ ಕಾಗದದಿಂದ ಶುರು ಮಾಡಿ 600, 1000, ಬೇಕಿದ್ದರೆ 2000; ನಂಬರ್ ಜಾಸ್ತಿಯಾದಷ್ಟೂ ಕಾಗದ ನುಣ್ಣಗೆ. ಐದು ನಿಮಿಷದ ಕೆಲಸ.

ಅಚ್ಚಿನ ಗುರುತು ತೆಗೆಯಲು ಇದಕ್ಕಿಂತ ಒಳ್ಳೆಯದು ಇಲ್ಲ. ಗುಬ್ಬಿ ಸಣ್ಣದು, ಎರಡು ಸಲ ಕಾಗದ ತಾಗುವಷ್ಟರಲ್ಲಿ ಹೋಗಿರುತ್ತದೆ. ಆದರೆ ಮೊಟ್ಟೆಯಾಕಾರದ ಚಕ್ರವನ್ನು ಇದರಿಂದ ದುಂಡಗೆ ಮಾಡುತ್ತೇನೆ ಅಂತ ಹೊರಟರೆ ಆಗುವುದಿಲ್ಲ. ಯಾಕೆಂದರೆ ಕಾಗದ ನಿಮ್ಮ ಬೆರಳ ಮೇಲಿದೆ, ಬೆರಳು ಮೆತ್ತಗಿದೆ. ಚಕ್ರದ ಉಬ್ಬು ಬಂದಾಗ ಬೆರಳು ಹಿಂದೆ ಸರಿಯುತ್ತದೆ, ತಗ್ಗು ಬಂದಾಗ ಮುಂದೆ ಬರುತ್ತದೆ. ಉಬ್ಬೂ ಸವೆಯುತ್ತದೆ, ತಗ್ಗೂ ಸವೆಯುತ್ತದೆ, ಹೆಚ್ಚುಕಡಿಮೆ ಒಂದೇ ಸಮ. ಕೊನೆಗೆ ನಿಮಗೆ ಸಿಗುವುದು ಸ್ವಲ್ಪ ಸಣ್ಣದಾದ, ಚೆನ್ನಾಗಿ ಹೊಳೆಯುವ ಮೊಟ್ಟೆ. ಕಾಗದವನ್ನು ಒಂದು ಚಪ್ಪಟೆ ಮರದ ತುಂಡಿಗೆ ಅಂಟಿಸಿ ಹಿಡಿದರೆ ಸ್ವಲ್ಪ ವಾಸಿ, ಆದರೂ ಕೈ ಕೈಯೇ.

ಎರಡನೆಯ ತೊಂದರೆ ಡ್ರಿಲ್‌ನದ್ದು. ಬರೀ ಬಿಟ್ ಹಾಕಿ ತಿರುಗಿಸಿ ನೋಡಿ, ತುದಿ ಒಂದೇ ಚುಕ್ಕಿಯ ಹಾಗೆ ನಿಲ್ಲಬೇಕು. ನಮ್ಮಲ್ಲಿದ್ದ ಹಳೆ ಡ್ರಿಲ್‌ನಲ್ಲಿ ಅದು ಮಂಜು ಮಂಜಾಗಿ ಕಾಣುತ್ತಿತ್ತು, ಅಂದರೆ ಚಕ್ಕೇ ಆಡುತ್ತಿತ್ತು. ಅಂಥ ಡ್ರಿಲ್‌ನಲ್ಲಿ ಚಕ್ರವನ್ನು ಎಷ್ಟು ದುಂಡಗೆ ಮಾಡಿದರೂ ಆ ದುಂಡಿನ ನಡುವೆ ತೂತಿರುವುದಿಲ್ಲ. ಒಂದು ರೋಗ ವಾಸಿ ಮಾಡಲು ಹೋಗಿ ಇನ್ನೊಂದನ್ನು ಅಂಟಿಸಿದ ಹಾಗೆ.

ಮೂರನೆಯದು ಬಿಸಿ. ಈ ಚಕ್ರಗಳು ಪಾಲಿಸ್ಟೈರೀನ್ ಎನ್ನುವ ಪ್ಲಾಸ್ಟಿಕ್, ಸುಮಾರು 100 ಡಿಗ್ರಿಗೆ ಮೆತ್ತಗಾಗುತ್ತದೆ. ಒಣ ಕಾಗದ ಹಿಡಿದು ಡ್ರಿಲ್‌ನ ಬಟನ್ ಪೂರ್ತಿ ಒತ್ತಿದರೆ ಆ ಬಿಸಿ ಬರಲು ಜಾಸ್ತಿ ಹೊತ್ತು ಬೇಡ. ನಾನು ಒಂದು ಸಲ ಫೋನಿನಲ್ಲಿ ಮಾತಾಡುತ್ತಾ ಹಿಡಿದುಕೊಂಡೇ ಇದ್ದೆ. ವಾಸನೆ ಬಂದಾಗ ನೋಡಿದರೆ ಅಂಚು ಬೆಲ್ಲದ ಪಾಕದ ಹಾಗೆ ಎಳೆ ಎಳೆ ಆಗಿ ಕಾಗದಕ್ಕೆ ಅಂಟಿತ್ತು. ನಿಧಾನ ಸ್ಪೀಡ್, ಧಾರಾಳ ನೀರು, ಎಣಿಸಿ ಹತ್ತರಷ್ಟು ಹೊತ್ತು ಹಿಡಿದು ತೆಗೆದು ನೋಡುವುದು. ಕರೆಂಟಿನ ಡ್ರಿಲ್ ಹತ್ತಿರ ನೀರು ಅಂದರೆ ಹುಷಾರು, ಬಟ್ಟಲು ದೂರ ಇರಲಿ, ಕಾಗದ ಮಾತ್ರ ಒದ್ದೆ ಸಾಕು, ಬ್ಯಾಟರಿ ಡ್ರಿಲ್ ಇದ್ದರೆ ಅದನ್ನೇ ಬಳಸಿ. ಮತ್ತೆ ಮಾರ್ಕರ್ ಗುರುತು ಅಳಿಸಲು ನೇಲ್ ಪಾಲಿಶ್ ರಿಮೂವರ್ ಹಾಕಬೇಡಿ. ಅದರಲ್ಲಿ ಅಸಿಟೋನ್ ಇದ್ದರೆ ಪಾಲಿಸ್ಟೈರೀನ್ ಕರಗಿಯೇ ಹೋಗುತ್ತದೆ.

ನಿಂತ ಅಲಗು, ತಿರುಗುವ ಚಕ್ರ

ಅಮೆರಿಕದಲ್ಲಿ ಇದಕ್ಕಂತಲೇ ಕೈಯಲ್ಲಿ ತಿರುಗಿಸುವ ಸಣ್ಣ ಉಪಕರಣ ಸಿಗುತ್ತದೆ. ಚಕ್ರವನ್ನು ಒಂದು ಕಡ್ಡಿಗೆ ಹಾಕಿ ಒಳಗಿಟ್ಟು, ಸ್ಕ್ರೂ ಸ್ವಲ್ಪ ಬಿಗಿಮಾಡಿ, ಚಕ್ರ ತಿರುಗಿಸಿದರೆ ಒಳಗಿನ ಅಲಗು ಎತ್ತರದ ಜಾಗವನ್ನು ಮಾತ್ರ ಕೆರೆಯುತ್ತದೆ. ಪೆನ್ಸಿಲ್ ಮೆಂಡರ್ ಕೆಲಸ ಮಾಡುವ ರೀತಿ ಅಂದುಕೊಳ್ಳಿ. ತರಿಸಿಕೊಳ್ಳುವ ಖರ್ಚು ನೋಡಿ ನಾನು ಕೈಬಿಟ್ಟೆ, ಆದರೆ ಅದರ ಹಿಂದಿನ ಲೆಕ್ಕ ಅರ್ಥವಾದ ಮೇಲೆ ಮನೆಯಲ್ಲೇ ಒಂದು ಮಾಡಿದೆವು.

ಲೆಕ್ಕ ಇಷ್ಟೇ. ಡ್ರಿಲ್‌ನಲ್ಲಿ ಕಡ್ಡಿ ತಿರುಗುತ್ತದೆ, ಅದರ ಜೊತೆ ಡ್ರಿಲ್‌ನ ತಪ್ಪೂ ತಿರುಗುತ್ತದೆ. ಇಲ್ಲಿ ಕಡ್ಡಿ ನಿಂತಿರುತ್ತದೆ, ಚಕ್ರ ಅದರ ಸುತ್ತ ಸುತ್ತುತ್ತದೆ, ರೇಸಿನಲ್ಲಿ ಸುತ್ತುವ ಹಾಗೇ. ಅಲಗೂ ನಿಂತಿದೆ, ಹಿಂದೆ ಸರಿಯುವುದಿಲ್ಲ. ಹಾಗಾಗಿ ಉಬ್ಬು ಬಂದಾಗ ಕೆರೆಯುತ್ತದೆ, ತಗ್ಗು ಬಂದಾಗ ತಾಗುವುದೇ ಇಲ್ಲ. ಎಲ್ಲ ಕಡೆ ತಾಗಲು ಶುರುವಾದಾಗ ಚಕ್ರ ದುಂಡಗಾಯಿತು, ಅದೂ ತೂತಿನ ಲೆಕ್ಕದಲ್ಲೇ ದುಂಡಗೆ. ಮೊಟ್ಟೆಯಾಕಾರಕ್ಕೂ ಇದೇ, ತೂತು ನಡುವಿಗಿಲ್ಲದ್ದಕ್ಕೂ ಇದೇ ಮದ್ದು.

ನಮ್ಮ ಅರದ ಹಲಗೆ ಹೀಗಿದೆ. ಒಂದು ಗೇಣುದ್ದದ ಗಟ್ಟಿ ಮರದ ಹಲಗೆ, ನಮ್ಮಲ್ಲಿ ಬೀಟೆ ತುಂಡಿತ್ತು. ಅದಕ್ಕೆ ಲಂಬವಾಗಿ ಒಂದು ಬಿಟ್ ಇಳಿಸಿದ್ದೇವೆ, ನುಣುಪು ಹಿಂಭಾಗ ಮೇಲಕ್ಕೆ. ಬಿಟ್ ಓರೆಯಾದರೆ ಎಲ್ಲ ಕೆಲಸ ಹಾಳು, ಅದಕ್ಕೆ ಆಚಾರ್ರು ಮೂಲೆಮಟ್ಟ ಇಟ್ಟು ನೋಡಿ ಇಳಿಸಿಕೊಟ್ಟರು. ಪಕ್ಕದಲ್ಲಿ ಜಾರುವ ಇನ್ನೊಂದು ಮರದ ತುಂಡು, ಅದರ ಮುಖಕ್ಕೆ ಹೊಸ ಚಪ್ಪಟೆ ಅರ. ಹಿಂದಿನಿಂದ ಒಂದು ಉದ್ದನೆ ಬೋಲ್ಟ್ ಆ ತುಂಡನ್ನು ಮುಂದಕ್ಕೆ ತಳ್ಳುತ್ತದೆ. ಬೋಲ್ಟ್ ಕಾಲು ಸುತ್ತು ತಿರುಗಿಸಿ, ಚಕ್ರವನ್ನು ಬೆರಳಲ್ಲಿ ಹತ್ತು ಸುತ್ತು ಸುತ್ತಿಸಿ, ಮತ್ತೆ ಕಾಲು ಸುತ್ತು. ಮಾರ್ಕರ್‌ನಲ್ಲಿ ಅಂಚಿಗೆಲ್ಲ ಮೊದಲೇ ಕಪ್ಪು ಬಳಿದುಕೊಳ್ಳಿ (ಕಪ್ಪು ಚಕ್ರವಾದರೆ ಬಿಳಿ ಬಣ್ಣ). ಬಣ್ಣ ಎಲ್ಲಿ ಹೋಯಿತು ಎಲ್ಲಿ ಉಳಿಯಿತು ಅಂತ ಕಣ್ಣಿಗೇ ಕಾಣುತ್ತದೆ. ಕೊನೆಯ ಚುಕ್ಕಿ ಬಣ್ಣ ಮಾಯವಾದ ಕ್ಷಣ ನಿಲ್ಲಿಸಿ. ಒಂದು ಚಕ್ರಕ್ಕೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ತಂಗಿ ಮಗಳ ಆ ಚಕ್ರ ಇದರಲ್ಲೇ ಸರಿಯಾದದ್ದು, ಕೊನೆಗೆ ಅವಳೇ ಕೂತು ತಿರುಗಿಸಿದಳು, ಯಾಕೆಂದರೆ ನನಗೆ ಅಷ್ಟು ತಾಳ್ಮೆ ಇಲ್ಲ.

ಇದರಲ್ಲಿ ಒಂದು ಎಡವಟ್ಟಿದೆ. ಕೆರೆದ ಚಕ್ರ ಉಳಿದವಕ್ಕಿಂತ ಸಣ್ಣದಾಗುತ್ತದೆ. ಒಂದು ಹಿಂದಿನ ಚಕ್ರ ಮಾತ್ರ ಸಣ್ಣದಾದರೆ ಕಾರು ಆ ಬದಿಗೆ ವಾಲುತ್ತದೆ. ಜೋಡಿ ಚಕ್ರವನ್ನೂ ಅಷ್ಟೇ ಕೆರೆಯಿರಿ. ಇನ್ನು ನೀವು ಹೊರಗಡೆ ರೇಸಿಗೆ ಹೋಗುವವರಾದರೆ ನಿಯಮ ಓದಿಕೊಳ್ಳಿ. ಅಚ್ಚಿನ ಗುರುತು ಉಜ್ಜಿ ತೆಗೆಯಲು ಬಿಟ್ಟು, ಚಕ್ರ ಕೆರೆದು ತೆಳುಮಾಡುವುದನ್ನು ಬೇಡ ಅನ್ನುವ ರೇಸ್‌ಗಳು ಸಾಕಷ್ಟಿವೆ.

ಲೇತ್: ಗೊತ್ತಿರುವವರ ಕೈಯಲ್ಲಿ ಚಿನ್ನ

ಲೇತ್ ಎಲ್ಲಕ್ಕಿಂತ ನಿಖರ, ಅನುಮಾನವೇ ಇಲ್ಲ. ಆದರೆ ನಮ್ಮ ಕಡೆ ಲೇತ್ ಅಂಗಡಿಯವರು ಪಂಪ್‌ಸೆಟ್ಟಿನ ಶಾಫ್ಟ್, ಟ್ರ್ಯಾಕ್ಟರ್ ಪಿನ್ ಕಡೆಯುವವರು. ಮೂರು ಗ್ರಾಂ ಆಸುಪಾಸಿನ ಪ್ಲಾಸ್ಟಿಕ್ ಚಕ್ರ ಮುಂದಿಟ್ಟರೆ ನಗುತ್ತಾರೆ. ಪೇಟೆಯ ಒಂದು ಅಂಗಡಿಯಲ್ಲಿ ನಕ್ಕರೂ ಮಾಡಿಕೊಟ್ಟರು. ಚಕ್ರದ ಅರ್ಧ ಅಗಲವನ್ನು ಚಕ್‌ನ ಮೂರು ದವಡೆಗೆ ಕೊಟ್ಟು ಬಿಗಿಮಾಡಿ ಉಳಿದರ್ಧ ಕಡೆದರು, ಆಮೇಲೆ ತಿರುಗಿಸಿ ಹಾಕಿ ಇನ್ನರ್ಧ. ನೋಡಲು ಫ್ಯಾಕ್ಟರಿ ಮಾಲಿನ ಹಾಗಿತ್ತು. ವರ್ನಿಯರ್‌ನಲ್ಲಿ ಹೇಗೆ ಹಿಡಿದು ಅಳೆದರೂ ಒಂದೇ ಅಳತೆ. ಖುಷಿಯಲ್ಲಿ ಮನೆಗೆ ತಂದು ಬಿಟ್ಟರೆ ಕಾರು ಗುರ್ ಅಂತ ನಡುಗುತ್ತಾ ಇಳಿಯಿತು.

ಪೆನ್ನಿನ ಪರೀಕ್ಷೆಯಲ್ಲಿ ಗೊತ್ತಾಯಿತು, ಒಂದು ಸುತ್ತಿಗೆ ಮೂರು ಕಡೆ ತಾಗುತ್ತಿತ್ತು. ಮೂರು ದವಡೆ ಬಿಗಿಯಾದಾಗ ಪ್ಲಾಸ್ಟಿಕ್ ಮೂರು ಕಡೆ ಒಳಕ್ಕೆ ಒತ್ತಿಹೋಗಿದೆ, ಹಾಗೆ ಒತ್ತಿದ್ದಾಗಲೇ ದುಂಡಗೆ ಕಡೆದಿದ್ದಾರೆ, ದವಡೆ ಬಿಟ್ಟ ಮೇಲೆ ಅದು ಹಿಗ್ಗಿ ಮೂರು ಮೂಲೆಯಾಗಿದೆ. ಮೂರು ಉಬ್ಬಿರುವ ಆಕಾರದಲ್ಲಿ ಒಂದು ಉಬ್ಬಿನ ಎದುರಿಗೆ ತಗ್ಗಿರುತ್ತದೆ, ಅಡ್ಡ ಅಳತೆ ಎಲ್ಲೆಡೆ ಒಂದೇ ಬರುತ್ತದೆ. ವರ್ನಿಯರ್ ಸುಳ್ಳು ಹೇಳಲಿಲ್ಲ, ನಾನು ಕೇಳಿದ ಪ್ರಶ್ನೆಯೇ ತಪ್ಪು. ಅವರದೂ ತಪ್ಪಲ್ಲ, ಕಬ್ಬಿಣ ಹಿಡಿಯುವ ಹಾಗೆ ಹಿಡಿದರು. ಲೇತ್‌ಗೆ ಕೊಡುವುದಾದರೆ ತೂತಿಗೆ ಬಿಗಿಯಾಗುವ ಕಡ್ಡಿಯೊಂದನ್ನು ಅಲ್ಲೇ ಕಡೆಸಿ, ಕಡ್ಡಿಯನ್ನು ಚಕ್‌ನಿಂದ ತೆಗೆಯದೆ ಅದಕ್ಕೇ ಚಕ್ರ ಹಾಕಿ ಕಡೆಯಲು ಹೇಳಿ. ಚಕ್ರದ ಅಂಚನ್ನು ಏನೂ ಕಚ್ಚಬಾರದು. ಇಷ್ಟು ಕೇಳಿಸಿಕೊಂಡು ಮಾಡುವವರು ಸಿಕ್ಕರೆ, ಒಟ್ಟಿಗೆ ಇಪ್ಪತ್ತು ಮೂವತ್ತು ಚಕ್ರ ಇದ್ದರೆ ಮಾತ್ರ ಈ ದಾರಿ. ನಾಲ್ಕು ಚಕ್ರಕ್ಕೆ ಖಂಡಿತ ಬೇಡ.

ಮುಚ್ಚಿಡುವುದೂ ಒಂದು ದಾರಿ

ತೂತು ಓರೆಯಾಗಿ ತೂರಾಡುವ ಚಕ್ರಕ್ಕೆ ಏನು ಮಾಡಿದರೂ ಪೂರ್ತಿ ಸರಿಹೋಗುವುದಿಲ್ಲ. ತೂತನ್ನು ಮತ್ತೆ ಕೊರೆದು ನೇರ ಮಾಡುತ್ತೇನೆ ಅಂದರೆ ಬಿಟ್ ಹಳೆ ಓರೆಯ ಹಿಂದೆಯೇ ಹೋಗುತ್ತದೆ, ತೂತು ದೊಡ್ಡದಾಗುತ್ತದೆ ಅಷ್ಟೇ. ಅಂಥದ್ದನ್ನು ಮುಂದಿನ ಒಂದು ಬದಿಗೆ ಹಾಕಿ, ಆ ಮೊಳೆಯನ್ನು ಒಂದೆರಡು ಮಿ.ಮೀ. ಮೇಲೆ ಹೊಡೆದುಬಿಡಿ. ಚಕ್ರ ನೆಲಕ್ಕೇ ತಾಗುವುದಿಲ್ಲ. ಕಾರು ಮೂರು ಚಕ್ರದ ಮೇಲೆ ಓಡುತ್ತದೆ. ಇದು ಕೆಟ್ಟ ಚಕ್ರ ಇಲ್ಲದವರೂ ಮಾಡುವ ಉಪಾಯ, ಒಂದು ಚಕ್ರ ತಿರುಗಿಸುವ ಶಕ್ತಿ ಉಳಿಯುತ್ತದಲ್ವಾ. ತೂಕ ಹಿಂದೆ ಜಾಸ್ತಿ ಇರುವ ಹಾಗೆ ನೋಡಿಕೊಳ್ಳಿ, ಇಲ್ಲದಿದ್ದರೆ ಕಾರು ಆ ಮೂಲೆಗೆ ಕುಸಿಯುತ್ತದೆ. ನಾಲ್ಕೂ ಚಕ್ರ ನೆಲ ಮುಟ್ಟಬೇಕು ಎನ್ನುವ ನಿಯಮ ಇದ್ದ ಕಡೆ ನಡೆಯುವುದಿಲ್ಲ. ನಮ್ಮ ಕಣದಲ್ಲಿ ಅಂಥ ನಿಯಮ ಇಲ್ಲ, ಮಾಡಲು ಹೊರಟಾಗ ಭಾವನೇ ಬೇಡ ಅಂದರು. ಅವರ ಕಾರು ಮೂರು ಚಕ್ರದ್ದು.

ಮರದ ಚಕ್ರ ಮಾಡುವವರಿಗೆ

ಕಿಟ್ ಮುಗಿದ ಮೇಲೆ ಮಕ್ಕಳು ಮರದ ಚಕ್ರಕ್ಕೆ ಇಳಿದರು. ತೋಟದಲ್ಲಿ ಸಿಲ್ವರ್ ಓಕ್‌ಗೆ ಬರವಿಲ್ಲ. ದುಂಡಗೆ ಕತ್ತರಿಸುವ ಹೋಲ್ ಸಾ ಹಾಕಿ ಹಲಗೆಯಿಂದ ಬಿಲ್ಲೆ ಕತ್ತರಿಸಿದರೆ ಚಕ್ರ ರೆಡಿ, ದುಂಡಗೂ ಇರುತ್ತದೆ, ಅವತ್ತಿಗೆ ಮಾತ್ರ.

ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ನಿಮ್ಮ ಮನೆಯ ಬಾಗಿಲು ಉಬ್ಬಿ ಚೌಕಟ್ಟಿಗೆ ಹೊಂದದೆ ಹೋಗುತ್ತದಲ್ವಾ, ಚಕ್ರಕ್ಕೂ ಅದೇ ಕಥೆ. ಮರ ತೇವ ಕುಡಿದಾಗ ಎಳೆಗೆ ಅಡ್ಡಲಾಗಿ ಹಿಗ್ಗುತ್ತದೆ, ಎಳೆಯ ಉದ್ದಕ್ಕೆ ಹಿಗ್ಗುವುದು ಇಲ್ಲ ಅನ್ನುವಷ್ಟು ಕಡಿಮೆ. ಹಲಗೆಯಿಂದ ಕತ್ತರಿಸಿದ ಬಿಲ್ಲೆಯಲ್ಲಿ ಎಳೆ ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗಿರುತ್ತದೆ. ಹಾಗಾಗಿ ಒಂದು ದಿಕ್ಕಿಗೆ ಹಿಗ್ಗುತ್ತದೆ, ಇನ್ನೊಂದು ದಿಕ್ಕಿಗೆ ಇಲ್ಲ. 30 ಮಿ.ಮೀ. ಬಿಲ್ಲೆ ಬೇಸಿಗೆಯಿಂದ ಮಳೆಗಾಲಕ್ಕೆ ಹೋಗುವಷ್ಟರಲ್ಲಿ ಕಾಲು ಮಿ.ಮೀ.ನಿಂದ ಅರ್ಧ ಮಿ.ಮೀ. ತನಕ ಮೊಟ್ಟೆಯಾಗಬಹುದು. ಕಿಟ್‌ನ ಚಕ್ರದಲ್ಲಿ ನಾವು ಬೈಯುವ ತಪ್ಪು ಇದರ ಮುಂದೆ ಏನೂ ಅಲ್ಲ. ಕೊಂಬೆಯನ್ನು ಅಡ್ಡ ಕುಯ್ದು ಮಾಡಿದ ಬಿಲ್ಲೆ ಚೆಂದ ಕಾಣುತ್ತದೆ, ಆದರೆ ಒಣಗುವಾಗ ನಡುವಿನಿಂದ ಅಂಚಿಗೆ ಸೀಳುತ್ತದೆ.

ಇದಕ್ಕೆ ಉಜ್ಜುವುದು, ಕೆರೆಯುವುದು ಯಾವುದೂ ಶಾಶ್ವತ ಅಲ್ಲ. ಇವತ್ತು ದುಂಡಗೆ ಮಾಡಿದ್ದು ಮುಂದಿನ ವಾರ ಮೊಟ್ಟೆ. ಒಂದು, ಪ್ಲೈವುಡ್‌ನಿಂದ ಕತ್ತರಿಸಿ. ಅದರ ಪದರಗಳ ಎಳೆ ಒಂದಕ್ಕೊಂದು ಅಡ್ಡ ಇರುವುದರಿಂದ ಯಾವ ದಿಕ್ಕಿಗೂ ಜಾಸ್ತಿ ಹಿಗ್ಗುವುದಿಲ್ಲ. ಇಲ್ಲ, ಸಿಲ್ವರ್ ಓಕ್ ಆಗಲೇಬೇಕು ಅಂದರೆ ಬಿಲ್ಲೆಗಳನ್ನು ಒಲೆ ಮೇಲಿನ ಅಟ್ಟದಲ್ಲಿ ಎರಡು ಮೂರು ವಾರ ಬಿಟ್ಟು, ಆಮೇಲೆ ಅರದ ಹಲಗೆಯಲ್ಲಿ ಕೆರೆದು, ಅದೇ ದಿನ ಎಲ್ಲ ಮುಖಕ್ಕೂ ವಾರ್ನಿಷ್ ಹೊಡೆಯಿರಿ. ವಾರ್ನಿಷ್ ತೇವವನ್ನು ನಿಲ್ಲಿಸುವುದಿಲ್ಲ, ನಿಧಾನ ಮಾಡುತ್ತದೆ. ರೇಸ್ ಮುಗಿಯುವ ತನಕ ಸಾಕು. ಮರದ ತೂತಿನಲ್ಲಿ ಮೊಳೆ ಒರಟಾಗಿ ತಿರುಗುತ್ತದೆ, ಅದಕ್ಕೆ ತೂತು ಸ್ವಲ್ಪ ದೊಡ್ಡದು ಮಾಡಿ ಮೊಳೆಗೆ ಹೊಂದುವ ಪ್ಲಾಸ್ಟಿಕ್ ಕೊಳವೆಯ ತುಂಡು ಕೂರಿಸಿ ಅಂಟಿಸಿ. ಅಂಚು ಕೆರೆಯುವುದು ಕೊಳವೆ ಕೂರಿಸಿದ ಮೇಲೆಯೇ, ಮೊದಲಲ್ಲ. ನಮ್ಮ ಹುಡುಗರು ಉಲ್ಟಾ ಮಾಡಿ ಒಂದಿಡೀ ದಿನ ಹಾಳು ಮಾಡಿಕೊಂಡರು.

ಗ್ಯಾರೇಜಿನ ಹಳೆ ಬೇರಿಂಗ್ ಹಾಕಿ ಹಲಗೆ ಗಾಡಿ ಮಾಡಿ ಇಳಿಜಾರಿನಲ್ಲಿ ಮಂಡಿ ಕೆತ್ತಿಸಿಕೊಂಡ ನಮ್ಮ ಕಾಲದವರು ಕೇಳೇ ಕೇಳುತ್ತೀರಿ, ಸಣ್ಣ ಬೇರಿಂಗನ್ನೇ ಚಕ್ರ ಮಾಡಿದರೆ ಏನು ಅಂತ. ಮಾಡಬಹುದು. ಫಿಜೆಟ್ ಸ್ಪಿನ್ನರ್ ಒಳಗಿರುವ 608 ಬೇರಿಂಗ್ 22 ಮಿ.ಮೀ. ವ್ಯಾಸ, ದುಂಡಗಿನಲ್ಲಿ ಅದಕ್ಕೆ ಸಾಟಿಯಿಲ್ಲ. ಒಂದೊಂದು ಹತ್ತು ಗ್ರಾಂ ಮೇಲೆ ತೂಗುತ್ತದೆ, ಗ್ರೀಸ್ ತುಂಬಿದ್ದರೆ ಸೀಮೆಎಣ್ಣೆಯಲ್ಲಿ ತೊಳೆಯದೆ ಓಡುವುದಿಲ್ಲ, ಪ್ಲೈವುಡ್ ಮೇಲೆ ಸದ್ದು ಕೇಳಿ ನಾಯಿ ಬೊಗಳುತ್ತದೆ. ನಾವು ಅದಕ್ಕೆ ಬೇರೆ ರೇಸ್ ಇಟ್ಟಿದ್ದೇವೆ.

ಚಕ್ರ ಸರಿಯಾದರೂ ಕಾರು ಓಡದಿದ್ದರೆ

ಆಗ ತೂತಿನ ಒಳಗೆ ಮತ್ತು ಮೊಳೆ ನೋಡಿ. ನಿಜ ಹೇಳಬೇಕೆಂದರೆ ಚಕ್ರದ ಅಂಚಿಗಿಂತ ಇದೇ ಮೊದಲು ನೋಡಬೇಕಾದದ್ದು, ನಾನು ಕಲಿತದ್ದು ಉಲ್ಟಾ ಕ್ರಮದಲ್ಲಿ. ಮೊಳೆಯ ತಲೆಯ ಕೆಳಗೆ ಅಚ್ಚಿನ ಗೆರೆ, ಸಣ್ಣ ಮುಳ್ಳು ಇರುತ್ತವೆ. ಮೊಳೆಯನ್ನು ಡ್ರಿಲ್‌ಗೆ ಸಿಕ್ಕಿಸಿ ಸಣ್ಣ ಅರದಲ್ಲಿ ಅದನ್ನು ತೆಗೆದು, ವಾಟರ್ ಪೇಪರ್‌ನಲ್ಲಿ ನುಣ್ಣಗೆ ಮಾಡಿ. ತೂತಿನೊಳಗೆ ಹತ್ತಿ ದಾರ ಹಾಕಿ, ದಾರಕ್ಕೆ ಚೂರು ಬಿಳಿ ಟೂತ್‌ಪೇಸ್ಟ್ ಹಚ್ಚಿ ಹಿಂದೆ ಮುಂದೆ ಎಳೆಯಿರಿ, ಆಮೇಲೆ ಚೆನ್ನಾಗಿ ತೊಳೆದು ಒಣಗಿಸಿ. ಎಣ್ಣೆ ಬೇಡ, ಕಣದ ದೂಳೆಲ್ಲ ಅಂಟಿಕೊಳ್ಳುತ್ತದೆ. ಬೀಗಕ್ಕೆ ಹಾಕುವ ಗ್ರ್ಯಾಫೈಟ್ ಪುಡಿ ಒಂದು ಚಿಟಿಕೆ ಸಾಕು. ಪೆನ್ಸಿಲ್ ಕಡ್ಡಿ ಪುಡಿ ಮಾಡಿ ಹಾಕುತ್ತೇನೆ ಅಂತ ನನ್ನ ಅಕ್ಕನ ಮಗ ಒಂದು ಡಜನ್ ಪೆನ್ಸಿಲ್ ಮುಗಿಸಿದ. ಪೆನ್ಸಿಲ್‌ನಲ್ಲಿ ಗ್ರ್ಯಾಫೈಟ್ ಜೊತೆ ಜೇಡಿಮಣ್ಣು ಬೆರೆಸಿರುತ್ತಾರೆ, ಅದು ಉಜ್ಜುತ್ತದೆ, ಜಾರಿಸುವುದಿಲ್ಲ.

ಒಂದೇ ಕಿಟ್, ಒಂದೇ ಸಂಜೆ ಇರುವವರು ಪೆನ್ನಿನ ಪರೀಕ್ಷೆ ಮಾಡಿ, ಅಚ್ಚಿನ ಗುರುತನ್ನು ಡ್ರಿಲ್‌ನಲ್ಲಿ ತೆಗೆದು, ಅತಿ ಕೆಟ್ಟ ಚಕ್ರವನ್ನು ಮುಂದೆ ಎತ್ತಿ ಹಾಕಿ ಮಲಗಿ. ಒಂದು ವಾರ ಮತ್ತು ತಾಳ್ಮೆಯ ಒಂದು ಮಗು ಇದ್ದರೆ ಅರದ ಹಲಗೆ ಮಾಡಿಕೊಳ್ಳಿ. ನಮ್ಮದು ಬೇಕಿದ್ದರೆ ಕೊಡುತ್ತೇನೆ, ಕೊಯ್ಲು ಶುರುವಾಗುವ ಮುಂಚೆ ವಾಪಸ್ ಬರಬೇಕು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಪಕ್ಕದ ಬೆಂಚಿನಲ್ಲಿದೆ, ಕೇಳದೆ ತಗೊಂಡು ಹೋದರೆ ತಂಗಿ ಮಗಳು ಬಿಡುವುದಿಲ್ಲ.